ಸೌರ ಗೃಹ ದೀಪ ವ್ಯವಸ್ಥೆಯ ಬ್ಯಾಟರಿ: ನಿರ್ವಹಣೆ ಹಾಗೂ ವಿಲೇವಾರಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಹಾಗೂ ರೇಷ್ಮೆ ಹುಳು ಸಾಕಣೆ ಮನೆಗಳಲ್ಲಿ ವಿದ್ಯುತ್ ನಿಲುಗಡೆಯಾದಾಗ ಸೌರ ದೀಪಗಳು ನೆರವಾಗುತ್ತವೆ. ಈ ವ್ಯವಸ್ಥೆಯಲ್ಲಿ ಸೌರ ಫಲಕವು ಸುಮಾರು 25 ವರ್ಷ ಬಾಳುತ್ತದೆ. ಮೊದಲು ಕೆಡುವುದು ಸೀಸ-ಆಮ್ಲ ಬ್ಯಾಟರಿ. ಸರಿಯಾಗಿ ನೋಡಿಕೊಂಡಲ್ಲಿ ಅದು 5 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಾಳಬಲ್ಲದು; ಅಲಕ್ಷಿಸಿದಲ್ಲಿ 2 ವರ್ಷಗಳಲ್ಲಿಯೇ ನಿರುಪಯುಕ್ತವಾಗಬಹುದು. ಸಾರ್ವಜನಿಕರ ತಿಳಿವಳಿಕೆಗಾಗಿ ನಿರ್ವಹಣಾ ಕ್ರಮಗಳನ್ನು ಕೆಳಗೆ ವಿವರಿಸಲಾಗಿದೆ. ಮನೆಯ ಯುಪಿಎಸ್‌ಗೆ ಬಳಸುವ ಸೀಸ-ಆಮ್ಲ ಬ್ಯಾಟರಿಗೂ ಇವು ಬಹುಮಟ್ಟಿಗೆ ಅನ್ವಯಿಸುತ್ತವೆ.

ಬಳಕೆಯ ಮಿತಿ

12 ವೋಲ್ಟ್, 40 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 480 ವ್ಯಾಟ್-ಗಂಟೆಯಷ್ಟು ವಿದ್ಯುತ್ ಶೇಖರವಾಗುತ್ತದೆ. ಅದರ ಅರ್ಧಭಾಗವನ್ನು, ಅಂದರೆ 240 ವ್ಯಾಟ್-ಗಂಟೆಯನ್ನು ಮಾತ್ರ ಬಳಸುವುದು ಒಳಿತು. 7 ವ್ಯಾಟ್‌ನ 4 ಎಲ್‌ಇಡಿ ದೀಪಗಳು 5 ಗಂಟೆ ಉರಿದಲ್ಲಿ 140 ವ್ಯಾಟ್-ಗಂಟೆ ವ್ಯಯವಾಗುತ್ತದೆ. ಮೋಡ ಕವಿದು ಎರಡು ದಿನ ಬಿಸಿಲು ಬಾರದಿದ್ದಲ್ಲಿ ಇದೇ ಬಳಕೆಯು 280 ವ್ಯಾಟ್-ಗಂಟೆಯಾಗಿ ಮಿತಿಯನ್ನು ಮೀರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಎರಡನೆಯ ದಿನದಿಂದ ದೀಪಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸತಕ್ಕದ್ದು.

ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟಲ್ಲಿ ಸೀಸದ ತಟ್ಟೆಗಳ ಮೇಲೆ ಗಟ್ಟಿಯಾದ ಲವಣದ ಪದರವು ಬೆಳೆದು, ಶೇಖರಣಾ ಸಾಮರ್ಥ್ಯವು ಶಾಶ್ವತವಾಗಿ ಕುಗ್ಗುತ್ತದೆ. ಇದನ್ನು ತಡೆಯುವ ಸಲುವಾಗಿಯೇ ಚಾರ್ಜ್ ಕಂಟ್ರೋಲರ್ ದೀಪಗಳನ್ನು ತಾನಾಗಿ ಆರಿಸುತ್ತದೆ. ಅದನ್ನು ಬದಿಗಿರಿಸಿ ಬ್ಯಾಟರಿಗೆ ನೇರವಾಗಿ ತಂತಿ ಜೋಡಿಸಕೂಡದು.

ನೀರು ತುಂಬುವ ಕ್ರಮ

1. ತಿಂಗಳಿಗೊಮ್ಮೆ ನೀರಿನ ಮಟ್ಟವನ್ನು ಪರೀಕ್ಷಿಸತಕ್ಕದ್ದು.
2. ಬ್ಯಾಟರಿ ಪೂರ್ಣ ಚಾರ್ಜ್ ಆದ ನಂತರವೇ ಗರಿಷ್ಠ ಗುರುತಿನವರೆಗೆ ತುಂಬತಕ್ಕದ್ದು. ತಟ್ಟೆಗಳು ನೀರಿನಿಂದ ಹೊರಗೆ ಕಾಣುತ್ತಿದ್ದಲ್ಲಿ ಮಾತ್ರ ಅವು ಮುಳುಗುವಷ್ಟು ನೀರನ್ನು ಮೊದಲೇ ಹಾಕಬಹುದು.
3. ಡಿಸ್ಟಿಲ್ಡ್ ವಾಟರ್ ಹೊರತು ಬೇರೆ ನೀರನ್ನು ಬಳಸಕೂಡದು. ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹಾಗೂ ಇತರ ಲವಣಗಳಿದ್ದು, ಅವು ತಟ್ಟೆಗಳನ್ನು ಕೆಡಿಸುತ್ತವೆ. ಶುದ್ಧ ಕುಡಿಯುವ ನೀರಿನ ಘಟಕದ ನೀರು ಕುಡಿಯಲು ಯೋಗ್ಯವಾದರೂ ಅದರಲ್ಲಿ ಲವಣದ ಅಂಶ ಉಳಿದಿರುವುದರಿಂದ ಬ್ಯಾಟರಿಗೆ ಸಲ್ಲದು.
4. ಬಳಕೆಯಿಂದ ಕಡಿಮೆಯಾಗುವುದು ನೀರು ಮಾತ್ರ. ಆದ್ದರಿಂದ ಆಮ್ಲವನ್ನು ಸೇರಿಸಕೂಡದು.

ಸುರಕ್ಷತೆ

ಚಾರ್ಜ್ ಆಗುವಾಗ ಹೊರಡುವ ಜಲಜನಕವು ಗಾಳಿಯಲ್ಲಿ ಶೇ. 4ರಷ್ಟು ಸೇರಿದಲ್ಲಿ ಕಿಡಿಯಿಂದ ಸ್ಫೋಟಿಸಬಲ್ಲದು. ಬ್ಯಾಟರಿಯನ್ನು ಗಾಳಿಯಾಡುವ, ನೆರಳಿರುವ, ಮಕ್ಕಳ ಕೈಗೆ ಎಟುಕದ ಸ್ಥಳದಲ್ಲಿ ಇರಿಸಬೇಕು. ಒಲೆ ಹಾಗೂ ದೇವರ ದೀಪದ ಸಮೀಪ ಇರಿಸಬಾರದು. ಕಳಚುವಾಗ ದೀಪಗಳನ್ನು ಆರಿಸಿ, ಮೊದಲು ಸೌರ ಫಲಕದ ತಂತಿಯನ್ನು, ನಂತರ ಬ್ಯಾಟರಿಯ ತಂತಿಯನ್ನು ತೆಗೆಯತಕ್ಕದ್ದು. ಜೋಡಿಸುವಾಗ ಮೊದಲು ಬ್ಯಾಟರಿ, ನಂತರ ಫಲಕ. ಟರ್ಮಿನಲ್‌ಗಳ ಮೇಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಅಡುಗೆ ಸೋಡದ ನೀರಿನಿಂದ ಒರೆಸಿ, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಸೋಡದ ನೀರು ಬ್ಯಾಟರಿಯ ಒಳಗೆ ಹೋಗದಂತೆ ಎಚ್ಚರ ವಹಿಸಬೇಕು. ಆಮ್ಲವು ಕಣ್ಣಿಗೆ ಅಥವಾ ಚರ್ಮಕ್ಕೆ ತಗುಲಿದಲ್ಲಿ ಕನಿಷ್ಠ 15 ನಿಮಿಷ ಧಾರಾಳವಾದ ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು.

ಖಾತರಿ ಹಾಗೂ ದೂರು

ಖರೀದಿ ರಸೀದಿ, ವಾರಂಟಿ ಕಾರ್ಡ್ ಮತ್ತು ಬ್ಯಾಟರಿಯ ಕ್ರಮಸಂಖ್ಯೆಯನ್ನು ಕಾಯ್ದಿರಿಸಬೇಕು. ನೀರು ತುಂಬಿದ ದಿನಾಂಕಗಳನ್ನು ಬರೆದಿಟ್ಟಲ್ಲಿ ದೂರು ಸಲ್ಲಿಸುವಾಗ ಅನುಕೂಲವಾಗುತ್ತದೆ. ಖಾತರಿ ಅವಧಿಯಲ್ಲಿ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ದೂರಿಗೆ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ದೂರು ಸಲ್ಲಿಸಲೂ ಅವಕಾಶವಿದೆ.

ಹಳೆಯ ಬ್ಯಾಟರಿಯ ವಿಲೇವಾರಿ

ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕವಾದ ವಿಷ. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯುವುದಾಗಲಿ, ಆಮ್ಲವನ್ನು ಚರಂಡಿಗೆ ಅಥವಾ ಕೆರೆಯಂಗಳಕ್ಕೆ ಚೆಲ್ಲುವುದಾಗಲಿ, ಗುಜರಿಯವರಿಗೆ ಮಾರುವುದಾಗಲಿ ಮಾಡಕೂಡದು. 2001ರ ನಿಯಮಗಳ ಬದಲಿಗೆ ಜಾರಿಗೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬಳಕೆದಾರರು ಹಳೆಯ ಬ್ಯಾಟರಿಯನ್ನು ಇತರ ಕಸದೊಂದಿಗೆ ಬೆರೆಸದೆ, ಅದರ ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗೆ ಒಪ್ಪಿಸತಕ್ಕದ್ದು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೇ ಹಿಂದಿರುಗಿಸಿ, ಅದರ ಬೆಲೆಯನ್ನು ರಸೀದಿಯಲ್ಲಿ ಕಳೆಯಿಸಿಕೊಳ್ಳುವುದು ಸುಲಭವಾದ ಮಾರ್ಗವಾಗಿರುತ್ತದೆ.