ಮೂವತ್ತೊಂದು ಒಂದುಗಳ ಸಂಖ್ಯೆ

2038ರ ಜನವರಿ 19, ಮಂಗಳವಾರ. ನಮ್ಮಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಗೋಡೆ ಗಡಿಯಾರ ಎಂದಿನಂತೆ ಮುಂದೆ ಸಾಗುತ್ತದೆ. ಆದರೆ ಅಷ್ಟರೊಳಗೆ ದುರಸ್ತಿ ಕಾಣದ ಹಳೆಯ ಕಂಪ್ಯೂಟರುಗಳು ಮರುಸೆಕೆಂಡಿಗೇ 1901ರ ಡಿಸೆಂಬರಿಗೆ ಜಾರಿಬಿಡಬಹುದು. ಇದಕ್ಕೆ ಕಾರಣ ಒಂದು ಸಂಖ್ಯೆ: 2147483647. ಬಾಯಿಬಿಟ್ಟು ಹೇಳಿದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.

ಹತ್ತಂಕಿಯ ಈ ಸಂಖ್ಯೆ ನೋಡುವುದಕ್ಕೆ ಯಾರದೋ ಫೋನ್ ನಂಬರಿನಂತಿದೆ. ಸೊನ್ನೆ, ಒಂದು ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದಾಗ ಅದರ ಚೆಲುವು ಕಾಣುತ್ತದೆ: ಸಾಲಾಗಿ 31 ಒಂದುಗಳು, ನಡುವೆ ಒಂದೂ ಸೊನ್ನೆಯಿಲ್ಲ. ಎಂದರೆ, 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ಬರುವ ಸಂಖ್ಯೆ ಇದು. ಆ 31 ಕೂಡ ದ್ವಿಮಾನದಲ್ಲಿ ಐದು ಒಂದುಗಳ ಸಾಲೇ!

ಇದು ಅವಿಭಾಜ್ಯ ಸಂಖ್ಯೆಯೂ ಹೌದು. ಅದನ್ನು 1772ರ ಹೊತ್ತಿಗೆ ತೋರಿಸಿಕೊಟ್ಟವರು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಆಗ ಅವರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದರು, ಕಣ್ಣು ಬಹುತೇಕ ಮಂಜಾಗಿತ್ತು. ಸಾದಾ ದಾರಿ ಹಿಡಿದರೆ 46,340ರವರೆಗಿನ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಆಯ್ಲರ್ ಮೊದಲು ಜರಡಿ ಹಿಡಿದರು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಲೇಬೇಕು. ಈ ಜರಡಿಯಲ್ಲಿ ಉಳಿಯುವ ಅವಿಭಾಜ್ಯಗಳು ನೂರಕ್ಕೂ ಕಡಿಮೆ. ಮೊದಲನೆಯದು 311. ಕಾಗದದ ಮೇಲೆ ನೀವೇ ಭಾಗಿಸಿ ನೋಡಿ: 69,05,092 ಸಲ ಹೋಗಿ 35 ಉಳಿಯುತ್ತದೆ. ಹೀಗೆ ಒಂದೊಂದರಲ್ಲೂ ಏನಾದರೂ ಉಳಿದೇ ಉಳಿಯಿತು. ದುಡಿಮೆಗಿಂತ ಮೊದಲು ಯೋಚನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇನ್ನು ಕಂಪ್ಯೂಟರಿನ ವಿಷಯ. ಬಹುಕಾಲ ಅದು ಒಂದು ಸಂಖ್ಯೆಗೆ 32 ಮನೆ ಮೀಸಲಿಡುತ್ತಿತ್ತು. ಮೊದಲ ಮನೆ ಧನವೋ ಋಣವೋ ಎಂಬ ಗುರುತಿಗೆ, ಉಳಿದ 31 ಅಂಕಿಗಳಿಗೆ. ಈ 31 ಮನೆಗಳಲ್ಲೂ ಒಂದು ತುಂಬಿದರೆ ಅದೇ ಗರಿಷ್ಠ, ಅದೇ ಆಯ್ಲರರ ಸಂಖ್ಯೆ. ಇನ್ನೊಂದು ಕೂಡಿಸಿದರೆ, ಸ್ಕೂಟರಿನ ಕಿಲೋಮೀಟರು ಮೀಟರಿನಲ್ಲಿ ಒಂಬತ್ತುಗಳೆಲ್ಲ ಉರುಳುವಂತೆ ಒಂದುಗಳೆಲ್ಲ ಸೊನ್ನೆಯಾಗಿ, ದಶಕ ಗುರುತಿನ ಮನೆಗೆ ಹೋಗಿ ಕೂರುತ್ತದೆ. ಸಂಖ್ಯೆ ಋಣವಾಗುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತ ಬಂದಿವೆ. 2038ರಲ್ಲಿ ಆ ಎಣಿಕೆ ತುಂಬಿ ಋಣಕ್ಕೆ ತಿರುಗುತ್ತದೆ, ಎಂದರೆ 1970ಕ್ಕೂ ಹಿಂದಕ್ಕೆ, 1901ಕ್ಕೆ ಹೋಗುತ್ತದೆ.

ಅವಿಭಾಜ್ಯವಾದದ್ದರಿಂದ ಇದು ಕಂಪ್ಯೂಟರಿನ ಎಲ್ಲೆಯಾಯಿತೆಂದು ತಿಳಿಯಬಾರದು. 16 ಮನೆಗಳ ಎಲ್ಲೆಯಾದ 32,767ನ್ನು 7, 31, 151 ಎಂದು ಒಡೆಯಬಹುದು. ಎರಡೂ ಗುಣಗಳು ಒಂದೇ ಸಂಖ್ಯೆಯಲ್ಲಿ ಕೂಡಿದ್ದು ಆಕಸ್ಮಿಕ.

ಪರಿಹಾರ ಸರಳ: ಮನೆಗಳನ್ನು 64ಕ್ಕೆ ಏರಿಸುವುದು. ಆಗ ಎಣಿಕೆ 29,000 ಕೋಟಿ ವರ್ಷಕ್ಕೂ ಮಿಕ್ಕಿ ನಡೆಯುತ್ತದೆ. ದೊಡ್ಡ ಕಂಪ್ಯೂಟರುಗಳಲ್ಲಿ ಬಹುಮಟ್ಟಿಗೆ ಈ ಕೆಲಸ ಆಗಿದೆ. ಯಂತ್ರಗಳ ಒಳಗೆ ಅಡಗಿ ಕೂತ ಪುಟ್ಟ ಚಿಪ್ಪುಗಳನ್ನು ಮಾತ್ರ ಒಂದೊಂದಾಗಿ ಹುಡುಕಬೇಕು. ಅಲ್ಲೂ ಬೇಕಾದದ್ದು ಆಯ್ಲರರ ಜರಡಿಯೇ: ಎಲ್ಲವನ್ನೂ ಬಿಚ್ಚುವ ಮೊದಲು, ಯಾವುದನ್ನು ಬಿಚ್ಚಬೇಕೆಂದು ತಿಳಿಯುವುದು.