ಈ ಮಾತು ಎಲ್ಲಿಂದ ಬಂತು?

ಕಳೆದ ರಮಝಾನಿಗೆ ಕೆಲವು ದಿನಗಳ ಮುಂಚೆ ಒಂದು ಸಂಜೆ ನನ್ನ ಅಕ್ಕನ ಮಗಳು ಹರಪನಹಳ್ಳಿಯಿಂದ ಫೋನ್ ಮಾಡಿದಳು. ಇತಿಹಾಸದಲ್ಲಿ ಎಂ.ಎ. ಓದುತ್ತಿರುವ ಹುಡುಗಿ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳೇ. ಸದಾ ನಗುತ್ತಾ ಮಾತನಾಡುವವಳ ದನಿ ಅಂದು ನಡುಗುತ್ತಿತ್ತು.

“ಖಾಲಾ, ನನ್ನ ಪ್ರಬಂಧ ವಾಪಸ್ ಬಂತು. ಕದ್ದು ಬರೆದಿದ್ದೀಯ ಅಂತಿದ್ದಾರೆ. ಅಬ್ಬಾ ಸಾಲ ಮಾಡಿ ಓದಿಸ್ತಿದ್ದಾರೆ. ಅವರಿಗೆ ಈ ಮಾತು ಹೇಗೆ ಹೇಳಲಿ?”

ಅವಳು ಆರಿಸಿಕೊಂಡಿದ್ದ ವಿಷಯ ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯ. ರಾಷ್ಟ್ರಕೂಟರ ಕಾಲಕ್ಕೂ ಕಲ್ಯಾಣದ ಚಾಲುಕ್ಯರ ಕಾಲಕ್ಕೂ ಸೇರಿದ ಹಳೆಯ ಗುಡಿ ಅದು. ಚಿಕ್ಕಂದಿನಿಂದ ಕಂಡ ಊರು, ಆದ್ದರಿಂದ ಸುಲಭವೆಂದು ಭಾವಿಸಿದ್ದಳು. ಗುಡಿಗೆ ಎರಡು ಸಲ ಹೋಗಿ ಫೋಟೋ ತೆಗೆದುಕೊಂಡಿದ್ದಳು. ಉಳಿದದ್ದನ್ನು ಮೊಬೈಲಿನಲ್ಲಿ ಹುಡುಕಿ, ಸಿಕ್ಕ ಸಿಕ್ಕ ಜಾಲತಾಣಗಳಿಂದ ತೆಗೆದು ಅಂಟಿಸಿದ್ದಳು. “ದೇವಾಲಯದ ನಿರ್ಮಾಣ ಕ್ರಿ.ಶ. 987ರಲ್ಲಿ ಪೂರ್ಣಗೊಂಡಿತು” ಎಂಬ ಸಾಲಿನ ಪಕ್ಕದಲ್ಲಿ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ಈ ಮಾತು ಎಲ್ಲಿಂದ ಬಂತು?

ನಾನು ಹಲವು ವರ್ಷ ಕಾಲೇಜು ಗ್ರಂಥಾಲಯದಲ್ಲಿ ದುಡಿದವಳು. ಅವಳ ಅಪರಾಧ ನನಗೆ ಹೊಸದೇನೂ ಅಲ್ಲ. ಕದಿಯುವ ಉದ್ದೇಶ ಅವಳಿಗಿರಲಿಲ್ಲ, ಆಧಾರವನ್ನು ದಾಖಲಿಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ, ಅಷ್ಟೆ. “ಶನಿವಾರ ಬಾ. ಲ್ಯಾಪ್‌ಟಾಪ್ ತಗೊಂಡು ಬಾ” ಎಂದೆ. ಎರಡು ಶನಿವಾರ, ಎರಡು ಭಾನುವಾರ ನಾವಿಬ್ಬರೂ ಕೂತು ಮಾಡಿದ ಕೆಲಸವೇ ಈ ಲೇಖನ. ಮಕ್ಕಳನ್ನು ಓದಿಸುತ್ತಿರುವ ತಾಯಂದಿರಿಗೂ, ಮದುವೆಯಾದ ಮೇಲೆ ಮತ್ತೆ ಓದಲು ಕೂತ ಸಹೋದರಿಯರಿಗೂ ಇದು ಉಪಯೋಗವಾಗಬಹುದು.

ಒಂದು ಊರು, ಮೂರು ಜಿಲ್ಲೆ

ಮೊದಲ ದಿನ ಅವಳು ಕೇಳಿದ ಪ್ರಶ್ನೆ ಇದು: “ಖಾಲಾ, ಒಂದು ಕಡೆ ಬಾಗಳಿ ಬಳ್ಳಾರಿ ಜಿಲ್ಲೆ ಅಂತಿದೆ, ಇನ್ನೊಂದು ಕಡೆ ದಾವಣಗೆರೆ ಅಂತಿದೆ. ನಾವಿರೋದು ವಿಜಯನಗರ ಜಿಲ್ಲೇಲಿ. ಇಂಟರ್‌ನೆಟ್ ತುಂಬಾ ಸುಳ್ಳೇ ಇದೆಯಾ?”

ಸುಳ್ಳಲ್ಲ. ಮೂರೂ ನಿಜ, ಆದರೆ ಬೇರೆ ಬೇರೆ ಕಾಲದ ನಿಜ. ಹರಪನಹಳ್ಳಿ ತಾಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದರ ಪಾಲಾಯಿತು. ಇನ್ನೂ ಹಿಂದೆ ಹೋದರೆ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಈ ಪ್ರದೇಶವೆಲ್ಲ ಮದ್ರಾಸಿನ ಆಡಳಿತದಲ್ಲಿತ್ತು.

ಜಾಲತಾಣದ ಪುಟವನ್ನು ಯಾರು, ಯಾವಾಗ ಬರೆದರು ಎಂದು ನೋಡಬೇಕೆನ್ನುವುದು ಇದಕ್ಕೇ. ಪುಟದ ವಿಳಾಸದ ಜೊತೆಗೆ ನೀವು ಅದನ್ನು ನೋಡಿದ ದಿನಾಂಕವನ್ನೂ ಬರೆಯಬೇಕೆಂಬ ನಿಯಮ ಇರುವುದೂ ಇದಕ್ಕೇ. ಪುಸ್ತಕ ಅಚ್ಚಾದ ಮೇಲೆ ಬದಲಾಗುವುದಿಲ್ಲ. ಪುಟ ನಾಳೆ ಬೆಳಿಗ್ಗೆಯೇ ಬದಲಾಗಬಹುದು.

ಹುಡುಕುವುದಕ್ಕೂ ಒಂದು ಹದವಿದೆ

ಹೆಚ್ಚಿನವರು ಗೂಗಲ್‌ನಲ್ಲಿ ಒಂದು ಪದ ಹಾಕಿ, ಮೊದಲು ಬಂದ ಪುಟವನ್ನು ತೆರೆದು ತೃಪ್ತರಾಗುತ್ತಾರೆ. ಕೆಲವು ಸಣ್ಣ ಅಭ್ಯಾಸಗಳು ಎಷ್ಟೋ ಸಮಯ ಉಳಿಸುತ್ತವೆ.

ಎರಡು ಮೂರು ಪದಗಳು ಅದೇ ಕ್ರಮದಲ್ಲಿ ಸಿಗಬೇಕಾದರೆ ಅವನ್ನು ಉದ್ಧರಣ ಚಿಹ್ನೆಗಳ ಒಳಗೆ ಹಾಕಿ. ಒಂದೇ ಜಾಲತಾಣದೊಳಗೆ ಹುಡುಕಬೇಕಾದರೆ ‘ಸೈಟ್’ ಎಂದು ಇಂಗ್ಲಿಷ್‌ನಲ್ಲಿ ಬರೆದು, ಎರಡು ಚುಕ್ಕೆ ಇಟ್ಟು, ಅದಕ್ಕೆ ತಾಗಿಸಿ ಜಾಲತಾಣದ ಹೆಸರು ಬರೆಯಿರಿ. ಉದ್ದನೆಯ ಪುಟದಲ್ಲಿ ನಿಮ್ಮ ಊರಿನ ಹೆಸರೆಲ್ಲಿದೆ ಎಂದು ಕಣ್ಣು ನೋಯಿಸಿಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ. ಮೊಬೈಲಿನ ಕ್ರೋಮ್‌ನಲ್ಲಾದರೆ ಮೇಲಿನ ಮೂರು ಚುಕ್ಕೆಗಳನ್ನು ಒತ್ತಿದಾಗ ‘ಪುಟದಲ್ಲಿ ಹುಡುಕು’ ಎಂಬ ಸೌಲಭ್ಯ ಸಿಗುತ್ತದೆ. ಜಾಹೀರಾತುಗಳ ಕಾಟವಿರುವ ಪುಟಗಳಿಗೆ ಫೈರ್‌ಫಾಕ್ಸ್ ಬ್ರೌಸರಿನ ಓದುವ ನೋಟ ಒಳ್ಳೆಯದು. ಅಕ್ಷರ ಮಾತ್ರ ಉಳಿದು ಉಳಿದದ್ದೆಲ್ಲ ಮರೆಯಾಗುತ್ತದೆ.

ನಮ್ಮ ಊರುಗಳ ವಿಷಯದಲ್ಲಿ ಕಾಗುಣಿತವೂ ತೊಡಕು. ‘ಕಲ್ಲೇಶ್ವರ’ವನ್ನು ಇಂಗ್ಲಿಷ್‌ನಲ್ಲಿ ಒಬ್ಬರು ಎಸ್, ಎಚ್, ಡಬ್ಲ್ಯು ಹಾಕಿ ಬರೆದರೆ, ಇನ್ನೊಬ್ಬರು ಎಸ್, ವಿ ಮಾತ್ರ ಹಾಕುತ್ತಾರೆ. ಎಲ್ಲ ಬಗೆಯಲ್ಲೂ ಹುಡುಕಬೇಕು. ಜಿಲ್ಲೆಯ ಹೆಸರನ್ನೂ ಬದಲಿಸಿ ನೋಡಬೇಕು. ‘ವಿಜಯನಗರ ಜಿಲ್ಲೆ’ ಎಂದು ಹುಡುಕಿದರೆ 2021ರ ಹಿಂದಿನ ಬರಹಗಳು ಕೈಗೆ ಸಿಗುವುದು ಕಷ್ಟ.

ಬೇರಿನ ತನಕ ಹೋಗುವುದು

ಈಗ ಕೆಂಪು ಶಾಯಿಯ ಪ್ರಶ್ನೆಗೆ ಬರೋಣ. 987 ಎಂಬ ಇಸವಿಯನ್ನು ಅವಳು ಪ್ರವಾಸಿ ಜಾಲತಾಣವೊಂದರಿಂದ ತೆಗೆದಿದ್ದಳು. ಆ ತಾಣದಲ್ಲಿ ಆಧಾರವಿರಲಿಲ್ಲ. ಅದೇ ಮಾತು ವಿಕಿಪೀಡಿಯದಲ್ಲೂ ಇತ್ತು, ಆದರೆ ಅಲ್ಲಿ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಅಂಕಿಯಿತ್ತು. ಆ ಅಂಕಿಯೇ ಬಾಗಿಲು. ಅದನ್ನು ಒತ್ತಿದರೆ ಬರೆದವರು ಯಾವ ಪುಸ್ತಕ ನೋಡಿದರೆಂದು ತಿಳಿಯುತ್ತದೆ. ವಿಕಿಪೀಡಿಯವನ್ನೇ ಆಧಾರವೆಂದು ಪ್ರಬಂಧದಲ್ಲಿ ಕೊಡಬೇಡಿ. ಅದು ದಾರಿ ತೋರಿಸುವ ಕೈಮರ, ತಲುಪಬೇಕಾದ ಊರಲ್ಲ.

ಹಾಗೆ ಹಿಂಬಾಲಿಸುತ್ತಾ ನಾವು ಹಳೆಯ ಪುಸ್ತಕಗಳ ಬಳಿಗೆ ಬಂದೆವು. ಅಲೆಕ್ಸಾಂಡರ್ ರೀ ಎಂಬವರು ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ಬರೆದು 1896ರಲ್ಲಿ ಮದ್ರಾಸಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಬಾಗಳಿಯ ಗುಡಿಯ ವಿವರಗಳಿವೆ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗದಲ್ಲಿ ಬಾಗಳಿಯ ಶಾಸನಗಳ ಪಾಠವೇ ಇದೆ. ಇದನ್ನು ಸಂಪಾದಿಸಿದವರು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್, ಪ್ರಕಟವಾದದ್ದು 1939ರಲ್ಲಿ. ಇಂಥ ಹಳೆಯ ಗ್ರಂಥಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಹರಪನಹಳ್ಳಿಯ ಹುಡುಗಿ ಇವಕ್ಕಾಗಿ ಬೆಂಗಳೂರಿಗೋ ಚೆನ್ನೈಗೋ ಬಸ್ಸು ಹತ್ತಬೇಕಾಗಿಲ್ಲ.

ತನ್ನ ನೆರೆಯ ಊರಿನ ಹೆಸರು ಅಷ್ಟು ಹಳೆಯ ಅಚ್ಚಿನಲ್ಲಿ ಕಂಡಾಗ ಅವಳ ಮುಖ ಅರಳಿತು. ಹಳಗನ್ನಡ ಪೂರ್ತಿ ಅರ್ಥವಾಗಲಿಲ್ಲ, ಆದರೆ ಅಕ್ಷರಗಳನ್ನು ಓದಬಲ್ಲವಳಾಗಿದ್ದಳು. ಶಾಸನಗಳಲ್ಲಿ ಶಕವರ್ಷವಿರುತ್ತದೆ, ಅದಕ್ಕೆ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ. ಶಕವರ್ಷ ಮಾರ್ಚ್-ಏಪ್ರಿಲ್ ಸುಮಾರಿಗೆ ಆರಂಭವಾಗುವುದರಿಂದ ಪುಸ್ತಕದಿಂದ ಪುಸ್ತಕಕ್ಕೆ ಒಂದು ವರ್ಷದ ವ್ಯತ್ಯಾಸ ಬರುವುದುಂಟು. ಇದು ತಿಳಿದ ಮೇಲೆ ಅವಳು ಬರಿದೇ ಇಸವಿ ಬರೆಯಲಿಲ್ಲ. ಯಾರು ಹೇಳಿದರು, ಯಾವ ಪುಸ್ತಕದಲ್ಲಿ, ಯಾವ ಪುಟದಲ್ಲಿ ಎಂದೂ ಬರೆದಳು.

ಇತ್ತೀಚಿನ ಸಂಶೋಧನೆಗಳಿಗೆ ಎರಡು ತಾಣಗಳನ್ನು ನೆನಪಿಡಿ. ಒಂದು, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ. ಭಾರತದ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳು ಇಲ್ಲಿವೆ. ಕನ್ನಡದಲ್ಲಿ ಬರೆದವೂ ಇವೆ. ಇನ್ನೊಂದು, 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್. ಇಲ್ಲಿ ಪ್ರತಿ ಫಲಿತಾಂಶದ ಕೆಳಗೆ ಉದ್ಧರಣ ಚಿಹ್ನೆಯಿರುತ್ತದೆ. ಅದನ್ನು ಒತ್ತಿದರೆ ಆ ಬರಹವನ್ನು ಉಲ್ಲೇಖಿಸುವ ಸಿದ್ಧ ಸಾಲು ಬೇರೆ ಬೇರೆ ಪದ್ಧತಿಗಳಲ್ಲಿ ದೊರೆಯುತ್ತದೆ.

ಆಧಾರಗಳನ್ನು ಕಾಪಿಡಲು

ಅಡುಗೆಮನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸದಿದ್ದರೆ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಓದಿದ ಪುಸ್ತಕಗಳಿಗೂ ಅದೇ ಮಾತು. ಜೋಟೆರೊ ಎಂಬ ಉಚಿತ ತಂತ್ರಾಂಶ ಈ ಚೀಟಿ ಅಂಟಿಸುವ ಕೆಲಸ ಮಾಡುತ್ತದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದು ಇದನ್ನು 2006ರಲ್ಲಿ ಹೊರತಂದಿತು. ಬ್ರೌಸರಿಗೆ ಇದರ ಗುಂಡಿಯನ್ನು ಸೇರಿಸಿಕೊಂಡರೆ, ಓದುತ್ತಿರುವ ಪುಟದ ಶೀರ್ಷಿಕೆ, ಲೇಖಕರು, ದಿನಾಂಕ, ವಿಳಾಸ, ನೋಡಿದ ದಿನ ಎಲ್ಲವೂ ಒಂದೇ ಒತ್ತಿಗೆ ಸಂಗ್ರಹವಾಗುತ್ತವೆ. ಬರೆಯುವಾಗ ವರ್ಡ್‌ನಲ್ಲೇ ಅಡಿಟಿಪ್ಪಣಿ ಹಾಕಿಕೊಡುತ್ತದೆ, ಕೊನೆಯಲ್ಲಿ ಗ್ರಂಥಸೂಚಿಯನ್ನೂ ಜೋಡಿಸುತ್ತದೆ. ಕಂಪ್ಯೂಟರ್ ಇಲ್ಲದವರಿಗೆ ಜೋಟೆರೊಬಿಬ್ ಎಂಬ ಜಾಲತಾಣವಿದೆ. ಖಾತೆ ತೆರೆಯಬೇಕಾಗಿಲ್ಲ, ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಪುಟದ ವಿಳಾಸವನ್ನೋ ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯನ್ನೋ ಕೊಟ್ಟರೆ ಸಾಲು ಸಿದ್ಧವಾಗುತ್ತದೆ.

ಆದರೆ ಯಂತ್ರವನ್ನು ಕಣ್ಣುಮುಚ್ಚಿ ನಂಬಬಾರದು. ಎಲ್ಲರ ಹೆಸರಿನ ಕೊನೆಯಲ್ಲಿ ಕುಟುಂಬದ ಹೆಸರಿದೆ ಎಂದೇ ಅದರ ಎಣಿಕೆ. ನಮ್ಮ ಹೆಣ್ಣುಮಕ್ಕಳ ಹೆಸರಿನ ‘ಬೇಗಂ’, ‘ಬಾನು’ಗಳನ್ನು ಮನೆತನದ ಹೆಸರೆಂದು ತಿಳಿದು ಮುಂದಕ್ಕೆ ತರುತ್ತದೆ. ಸಾರಾ ಅಬೂಬಕ್ಕರ್ ಅವರ ಪುಸ್ತಕ ಕೊಟ್ಟರೆ ‘ಅಬೂಬಕ್ಕರ್, ಸಾರಾ’ ಎಂದು ತಿರುಗಿಸುತ್ತದೆ. ಕನ್ನಡದ ಪ್ರಬಂಧಗಳಲ್ಲಿ ಹೆಸರನ್ನು ಇದ್ದಂತೆಯೇ ಬರೆಯುವ ರೂಢಿಯಿರುವುದರಿಂದ ಇದನ್ನು ಕೈಯಿಂದ ತಿದ್ದಬೇಕು. ನಿಮ್ಮ ವಿಭಾಗ ಯಾವ ಪದ್ಧತಿ ಬಯಸುತ್ತದೆಂದು ಮೊದಲೇ ಕೇಳಿಕೊಳ್ಳಿ.

ಪುಟಗಳು ಮಾಯವಾಗುವುದೂ ಉಂಟು. ಇದಕ್ಕೆ ಇಂಟರ್‌ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮೆಷಿನ್’ ನೆರವಾಗುತ್ತದೆ. 2001ರಿಂದ ಸಾರ್ವಜನಿಕರಿಗೆ ಲಭ್ಯವಿರುವ ಈ ಸೇವೆಯಲ್ಲಿ ಪುಟದ ವಿಳಾಸ ಕೊಟ್ಟರೆ ಅದು ಹಿಂದೆ ಹೇಗಿತ್ತೆಂದು, ಪ್ರತಿ ಉಳಿದಿದ್ದರೆ, ನೋಡಬಹುದು. ಇಂದು ನೀವು ಓದಿದ ಪುಟವನ್ನು ಉಳಿಸಿಡುವಂತೆಯೂ ಅಲ್ಲೇ ಕೇಳಬಹುದು.

ಸುಳ್ಳು ಆಧಾರಗಳ ಅಪಾಯ

“ಚಾಟ್‌ಜಿಪಿಟಿಗೆ ಕೇಳಿದರೆ ಪುಸ್ತಕದ ಪಟ್ಟಿ ತಾನೇ ಕೊಡುತ್ತೆ ಖಾಲಾ” ಎಂದಳು ಹುಡುಗಿ. ಕೊಡುತ್ತದೆ, ನಿಜ. ಆದರೆ ಇಲ್ಲದ ಪುಸ್ತಕವನ್ನೂ ಇರುವಂತೆಯೇ ಹೇಳಬಲ್ಲದು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಅದು ಹೇಳಿದ ಮೊಕದ್ದಮೆಗಳನ್ನು ಪರಿಶೀಲಿಸದೆ ನ್ಯಾಯಾಲಯಕ್ಕೆ ಸಲ್ಲಿಸಿದರು. ಅಂಥ ಮೊಕದ್ದಮೆಗಳೇ ನಡೆದಿರಲಿಲ್ಲ. 5,000 ಡಾಲರ್ ದಂಡ ಬಿತ್ತು. ನಮ್ಮ ನಿಯಮ ಸರಳವಾಗಿರಲಿ: ಕಣ್ಣಾರೆ ಕಾಣದ ಪುಸ್ತಕದ ಹೆಸರನ್ನು ಬರೆಯಬಾರದು. ಈಚಿನ ಸಂಶೋಧನಾ ಲೇಖನಗಳಿಗೆ ಸಾಮಾನ್ಯವಾಗಿ ಡಿಒಐ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಡಿಒಐ ಜಾಲತಾಣದಲ್ಲಿ ಹಾಕಿದರೆ ಲೇಖನ ನಿಜಕ್ಕೂ ಇದೆಯೇ ಎಂದು ಗೊತ್ತಾಗುತ್ತದೆ.

ನಕಲಿನ ವಿಷಯದಲ್ಲಿ ಕಾನೂನೂ ಇದೆ. ಯುಜಿಸಿಯ 2018ರ ನಿಯಮಾವಳಿಯಂತೆ ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಯ ಪ್ರಬಂಧಗಳಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 10ಕ್ಕಿಂತ ಹೆಚ್ಚಾಗಿ 40ರವರೆಗೆ ಇದ್ದರೆ ತಿದ್ದಿದ ಪ್ರಬಂಧವನ್ನು ಆರು ತಿಂಗಳೊಳಗೆ ಸಲ್ಲಿಸಬೇಕು. 40 ದಾಟಿ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ಆ ಕೋರ್ಸಿನ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆ ಹಾಕಿ ಆಧಾರ ಹೇಳಿದ ಮಾತು ಈ ಲೆಕ್ಕಕ್ಕೆ ಸೇರುವುದಿಲ್ಲ. ಹೇಳಿ ಪಡೆದದ್ದು ಋಣ, ಹೇಳದೆ ಪಡೆದದ್ದು ಕಳವು.

ನಮಗೆ ಹೊಸದಲ್ಲ

ಯೋಚಿಸಿದರೆ, ಮುಸ್ಲಿಮ್ ಮನೆಗಳಿಗೆ ಈ ಶಿಸ್ತು ಅಪರಿಚಿತವಲ್ಲ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಯಾರು ಯಾರಿಂದ ಕೇಳಿದರು ಎಂಬ ಸನದನ್ನು ಕೊಂಡಿ ಕೊಂಡಿಯಾಗಿ ಪರೀಕ್ಷಿಸಿದರು. ಒಂದು ಕೊಂಡಿ ದುರ್ಬಲವಾಗಿದ್ದರೂ ಅದನ್ನು ಬಚ್ಚಿಡದೆ ದಾಖಲಿಸಿದರು. ಅಂಥ ಪರಂಪರೆಯವರಾದ ನಾವೇ ಇಂದು ವಾಟ್ಸಾಪಿನಲ್ಲಿ ಬಂದದ್ದನ್ನು ಗ್ರಂಥದ ಹೆಸರೂ ನೋಡದೆ ಹತ್ತು ಮಂದಿಗೆ ಕಳಿಸುತ್ತೇವೆ. ಗ್ರಂಥ, ಅಧ್ಯಾಯ, ಸಂಖ್ಯೆಗಳ ಸಮೇತ ಹದೀಸ್ ಹುಡುಕಿಕೊಡುವ ಜಾಲತಾಣಗಳಿವೆ. ಕಳಿಸುವ ಮುನ್ನ ಎರಡು ನಿಮಿಷ ನೋಡಬಾರದೇ?

ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳು ಶಾಲೆಯ ಪ್ರಾಜೆಕ್ಟ್ ಎಂದು ಇಂಟರ್‌ನೆಟ್‌ನಿಂದ ಪುಟಗಟ್ಟಲೆ ಪ್ರಿಂಟ್ ತೆಗೆದು ಅಂಟಿಸುವಾಗ “ಎಷ್ಟು ಚೆನ್ನಾಗಿದೆ” ಎಂದು ಸುಮ್ಮನಾಗಬೇಡಿ. “ಇದು ಎಲ್ಲಿಂದ ಬಂತು ಮಗಳೇ?” ಎಂದು ಒಮ್ಮೆ ಕೇಳಿ. ಕಂಪ್ಯೂಟರ್ ಬಾರದ ತಾಯಿಯೂ ಕೇಳಬಹುದಾದ ಪ್ರಶ್ನೆ ಇದು.

ಅಕ್ಕನ ಮಗಳು ಪ್ರಬಂಧವನ್ನು ಮತ್ತೆ ಮೊದಲಿನಿಂದ ಬರೆದಳು. ಪುಟಗಳು ಕಡಿಮೆಯಾದವು, ಅಡಿಟಿಪ್ಪಣಿಗಳು ಹೆಚ್ಚಾದವು. ಕೆಲವು ತಿದ್ದುಪಡಿ ಹೇಳಿ ಮಾರ್ಗದರ್ಶಕರು ಒಪ್ಪಿಕೊಂಡರು. ಅಬ್ಬಾಗೆ ನಡೆದದ್ದನ್ನೆಲ್ಲ ಅವಳೇ ಹೇಳಿದಳಂತೆ. ಅವರು ಬೈಯಲಿಲ್ಲ. ಅಡಿಟಿಪ್ಪಣಿಗಳ ಮೇಲೆ ಬೆರಳಿಟ್ಟು, “ಇಷ್ಟೆಲ್ಲ ಪುಸ್ತಕ ನೀನೇ ನೋಡಿದೆಯಾ?” ಎಂದು ಕೇಳಿದರಂತೆ. ಅವಳು ಹೌದೆಂದಳು. ಈ ಸಲ ಆ ಮಾತು ನಿಜವಾಗಿತ್ತು.