ರೈಲಿನಲ್ಲಿ ಬರೆದ ಬೈಬಲ್, ಮನೆಗೆ ಮರಳಿದ ಪಾಠ

ಕೆನೆತ್ ಟೇಲರ್‌ಗೆ ಹತ್ತು ಮಕ್ಕಳು. ಊರು ಅಮೆರಿಕದ ಇಲಿನಾಯ್ ರಾಜ್ಯದ ವೀಟನ್, ಕೆಲಸ ಶಿಕಾಗೊದ ಮೂಡಿ ಪ್ರೆಸ್ ಎಂಬ ಕ್ರೈಸ್ತ ಪ್ರಕಾಶನದಲ್ಲಿ, ಓಡಾಟ ದಿನವೂ ರೈಲಿನಲ್ಲಿ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಬೈಬಲ್ ಓದುವುದು ಆ ಮನೆಯ ರೂಢಿ. ಆದರೆ 1611ರ ಅನುವಾದದ ಹಳೆಯ ಇಂಗ್ಲಿಷಿನಲ್ಲಿದ್ದ ಸಂತ ಪೌಲನ ಪತ್ರಗಳು ಮಕ್ಕಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಓದಿದ್ದನ್ನೆಲ್ಲ ಅಪ್ಪ ಮತ್ತೆ ತನ್ನ ಮಾತಿನಲ್ಲಿ ಬಿಡಿಸಿ ಹೇಳಬೇಕು. ಹೀಗೆ ಹೇಳುವುದನ್ನೇ ಬರೆದುಬಿಟ್ಟರೇನು ಅನ್ನಿಸಿತು. 1950ರ ದಶಕದಲ್ಲಿ, ರೈಲಿನಲ್ಲಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಒಂದೊಂದೇ ವಾಕ್ಯವನ್ನು ಆಡುಮಾತಿಗೆ ತಂದರು.

ಆ ಪತ್ರಗಳು 1962ರಲ್ಲಿ ಪುಸ್ತಕವಾದವು, ಮೊದಲ ಮುದ್ರಣ ಬರೀ 2,000 ಪ್ರತಿ. ಅದಕ್ಕೆಂದೇ ಟೇಲರ್ ಟಿಂಡೇಲ್ ಹೌಸ್ ಪ್ರಕಾಶನ ಕಟ್ಟಿದರು. 1971ರಲ್ಲಿ ಇಡೀ ಬೈಬಲ್ ‘ಲಿವಿಂಗ್ ಬೈಬಲ್’ ಎಂಬ ಹೆಸರಿನಲ್ಲಿ ಬಂತು. ಯಾವ ಚರ್ಚೂ ಕೇಳಿರದ ಪುಸ್ತಕ. ಕೇಳಿದ್ದು ಮನೆಯ ಮಕ್ಕಳು.

ಮಕ್ಕಳಿಗೆ ಧರ್ಮ ಕಲಿಸುವ ಹೊಣೆ ಯಾರದು ಎಂಬ ಪ್ರಶ್ನೆ ಟೇಲರ್ ಮನೆಯದಷ್ಟೇ ಅಲ್ಲ. ವೀಟನ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಬೋಲಿಂಗ್‌ಬ್ರೂಕ್. ಹೆದ್ದಾರಿಯ ಪಕ್ಕ ಹೊಲಗಳ ನಡುವೆ ಎದ್ದ ಉಪನಗರ, 2020ರ ಜನಗಣತಿಯ ಹೊತ್ತಿಗೆ 73 ಸಾವಿರ ದಾಟಿದ ಜನಸಂಖ್ಯೆ. ಊರು ಅಧಿಕೃತವಾಗಿ ಸ್ಥಾಪನೆಯಾದದ್ದು 1965ರ ಅಕ್ಟೋಬರ್ 6ರಂದು. ಅದೇ ತಿಂಗಳ 28ರಂದು ರೋಮ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಶಿಕ್ಷಣ ಕುರಿತ ಘೋಷಣೆಯನ್ನು ಹೊರಡಿಸಿ, ಮಕ್ಕಳಿಗೆ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಯೇ ಎಂದಿತು. ಬರೀ ಕಾಕತಾಳೀಯ, ನಿಜ. ಆದರೂ ಬೋಲಿಂಗ್‌ಬ್ರೂಕ್ ಸೇರಿರುವ ಜೋಲಿಯೆಟ್ ಧರ್ಮಪ್ರಾಂತ್ಯದಲ್ಲಿರಲಿ, ಬೇರೆ ಕಥೋಲಿಕ ಚರ್ಚುಗಳಲ್ಲಿರಲಿ, ಮಗುವಿನ ದೀಕ್ಷಾಸ್ನಾನದ ದಿನ ಗುರುಗಳು ಮೊದಲು ಪ್ರಶ್ನೆ ಕೇಳುವುದು ಹೆತ್ತವರನ್ನೇ: ವಿಶ್ವಾಸದಲ್ಲಿ ಬೆಳೆಸುವ ಹೊಣೆ ನಿಮ್ಮದು, ಗೊತ್ತು ತಾನೇ?

ಹೊಣೆ ಮನೆಯಿಂದ ಚರ್ಚಿಗೆ ಜಾರಿದ್ದಕ್ಕೆ ಕಾರಣವೂ ಉಂಟು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ತೆರೆದದ್ದು ವಾರವಿಡೀ ದುಡಿಯುತ್ತಿದ್ದ ಬಡಮಕ್ಕಳಿಗಾಗಿ. ಬಿಡುವು ಇದ್ದದ್ದು ಭಾನುವಾರ ಮಾತ್ರ. ಅಲ್ಲಿ ಅಕ್ಷರವನ್ನೂ ಕಲಿಸುತ್ತಿದ್ದರು. ಶಿಕಾಗೊದಲ್ಲಿ ಧರ್ಮಬೋಧಕ ಡಿ.ಎಲ್. ಮೂಡಿ ಬೀದಿಯ ಹುಡುಗರನ್ನು ಮೇಪಲ್ ಸಕ್ಕರೆಯ ಆಸೆ ತೋರಿಸಿ ಕರೆತಂದು ಕಟ್ಟಿದ ಸಂಡೇ ಸ್ಕೂಲನ್ನು ನೋಡಲು 1860ರ ನವೆಂಬರಿನಲ್ಲಿ, ಅಧ್ಯಕ್ಷರಾಗಿ ಆಗಷ್ಟೇ ಚುನಾಯಿತರಾಗಿದ್ದ ಲಿಂಕನ್ನರೇ ಬಂದಿದ್ದರು. ಕಲಿಸುವವರಿಲ್ಲದ ಮನೆಗಳ ಮಕ್ಕಳಿಗೆಂದು ಹುಟ್ಟಿದ ಈ ಏರ್ಪಾಟು ಬರಬರುತ್ತಾ ಎಲ್ಲ ಮನೆಗಳಿಗೂ ಒಗ್ಗಿಹೋಯಿತು. ಮಗುವನ್ನು ಬಾಗಿಲಲ್ಲಿ ಇಳಿಸಿ ಕಾಫಿಗೆ ಹೋಗುವ ಸುಖ ಯಾರಿಗೆ ಬೇಡ!

ಆ ಸುಖಕ್ಕೆ ಸ್ವಲ್ಪ ಅಡ್ಡ ಬಂದದ್ದು ಶಿಕಾಗೊದಲ್ಲೇ ಹುಟ್ಟಿದ ಅವಾನಾ. ನಾರ್ತ್ ಸೈಡ್ ಗಾಸ್ಪೆಲ್ ಸೆಂಟರ್ ಎಂಬ ಚರ್ಚಿನಲ್ಲಿ ಲ್ಯಾನ್ಸ್ ಲೇಥಮ್ ಮತ್ತು ಆರ್ಟ್ ರೋರ್‌ಹೈಮ್ ನಡೆಸುತ್ತಿದ್ದ ಮಕ್ಕಳ ಕ್ಲಬ್ 1950ರಲ್ಲಿ ಸಂಸ್ಥೆಯಾಯಿತು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ, ಭಾರತದಲ್ಲೂ ಇದೆ. ವಾರದ ಒಂದು ಸಂಜೆ ಚರ್ಚಿನ ಸಭಾಂಗಣದ ನೆಲದ ಮೇಲೆ ದೊಡ್ಡ ವೃತ್ತ, ಅದರ ಸುತ್ತ ಕೆಂಪು, ನೀಲಿ, ಹಸಿರು, ಹಳದಿ ನಾಲ್ಕು ತಂಡ. ಓಟ, ಕೂಗಾಟ. ಆಮೇಲೆ ಕೈಪುಸ್ತಕದ ಸರದಿ. ಬಾಯಿಪಾಠದ ವಾಕ್ಯವನ್ನು ಮಗು ಮನೆಯಲ್ಲೇ ಕಲಿತು ಬಂದಿರಬೇಕು. ಇಲ್ಲಿ ಒಪ್ಪಿಸಿದರೆ ಪುಟಕ್ಕೆ ಸಹಿ ಬೀಳುತ್ತದೆ. ಶಾಲೆಗೆ ಹೋಗದ ವಯಸ್ಸಿನ ಪುಟಾಣಿಗಳಿಗೆ ಓದಲು ಬಾರದು. ಅಂದರೆ ಅಮ್ಮನೋ ಅಪ್ಪನೋ ಕೂತು ಹೇಳಿಕೊಡದೆ ವಿಧಿಯಿಲ್ಲ. ತಂದೆತಾಯಿಯನ್ನು ಪಾಠಕ್ಕೆ ಎಳೆದು ತರಲು ಇದಕ್ಕಿಂತ ಜಾಣ ಉಪಾಯ ಬೇಕೆ?

ಇನ್ನೊಂದು ಉಪಾಯ ಮರದ ಕಾರು. ಅನೇಕ ಚರ್ಚುಗಳಲ್ಲಿ ಅವಾನಾ ಗ್ರ್ಯಾಂಡ್ ಪ್ರೀ ಎಂಬ ಸ್ಪರ್ಧೆ ನಡೆಯುತ್ತದೆ. ಮಕ್ಕಳಿಗೆ ಒಂದು ಮರದ ತುಂಡು, ನಾಲ್ಕು ಚಕ್ರ ಕೊಡುತ್ತಾರೆ. ಗರಗಸ ಹಿಡಿಯುವುದು ಅಪ್ಪ, ಉಪ್ಪುಕಾಗದ ಉಜ್ಜುವುದು ಮಗ, ಬಣ್ಣಕ್ಕೆ ಮನೆಮಂದಿಯೆಲ್ಲ. ಸ್ಪರ್ಧೆಯ ದಿನ ಕಾರನ್ನು ತಕ್ಕಡಿಗಿಟ್ಟು ನೋಡಿ ಇಳಿಜಾರು ಹಲಗೆಯ ಮೇಲೆ ಬಿಡುತ್ತಾರೆ. ಕೆಲವು ಕಾರುಗಳ ನುಣುಪು ನೋಡಿದರೆ ಮಗನಿಗೆ ಮುಟ್ಟಲೂ ಬಿಟ್ಟಿರಲಿಕ್ಕಿಲ್ಲ ಎಂಬ ಅನುಮಾನ ಬರುತ್ತದೆ, ಅದು ಬೇರೆ ಮಾತು.

ಬಾಯಿಪಾಠವೇ ಭಕ್ತಿಯೇ ಎಂಬ ಆಕ್ಷೇಪ ಹಳೆಯದು, ಹುರುಳಿಲ್ಲದ್ದೂ ಅಲ್ಲ. ಬ್ಯಾಡ್ಜಿಗಾಗಿ ಗಿಣಿಪಾಠ ಒಪ್ಪಿಸುವ ಮಗು ಎಲ್ಲ ಊರಲ್ಲೂ ಇರುತ್ತದೆ. ಬೋಲಿಂಗ್‌ಬ್ರೂಕ್ ಪಕ್ಕದ ಲೆಮಾಂಟ್ ಗುಡ್ಡದ ಮೇಲಿನ ರಾಮ ದೇವಸ್ಥಾನಕ್ಕೆ ಮಕ್ಕಳನ್ನು ಕರೆತರುವ ಕನ್ನಡಿಗರಿಗೂ ಈ ಪೇಚಾಟ ಗೊತ್ತು: ಶ್ಲೋಕ ಬರುತ್ತದೆ, ಅರ್ಥ ಕೇಳಿದರೆ ಮಗು ಅಮ್ಮನ ಮುಖ ನೋಡುತ್ತದೆ.

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಇದಕ್ಕೆಲ್ಲ ಯೋಜನೆಯ ಹೆಸರು ಇರಲಿಲ್ಲ. ಮಂಗಳೂರಿನ ಕಥೋಲಿಕರ ಮಕ್ಕಳು ಭಾನುವಾರ ಚರ್ಚಿನಲ್ಲಿ ದೊತೊರ್ನ್, ಅಂದರೆ ಧರ್ಮೋಪದೇಶ, ಕಲಿತರೆ, ಸಂಜೆ ದೇವರ ಪಟದ ಮುಂದೆ ಮನೆಯವರೆಲ್ಲ ಮೊಣಕಾಲೂರಿ ತೇರ್ಸ್, ಅಂದರೆ ಜಪಸರ, ಹೇಳುತ್ತಾರೆ. ತೂಕಡಿಸಿದ ಮಗುವಿಗೆ ಅಜ್ಜಿಯ ಮೊಣಕೈ ತಿವಿತ ಉಚಿತ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ, ಅಂದರೆ ಮರಿಯಳ ಹುಟ್ಟುಹಬ್ಬಕ್ಕೆ, ಮುಂಚೆ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಬುಟ್ಟಿ ತುಂಬಿಸಿ ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಬಿಡಿಸಿ ಹಾಲಿಗೋ ಪಾಯಸಕ್ಕೋ ಸೇರಿಸಿ ಎಲ್ಲರಿಗೂ ಹಂಚಿದ ಮೇಲೆಯೇ ಊಟ. ಅಂದಿನ ಎಲೆಯಲ್ಲಿ ಬರೀ ತರಕಾರಿ.

ಶಿಕಾಗೊ ಸುತ್ತಲಿನ ಮಂಗಳೂರಿಗರೂ ಮೊಂತಿ ಫೆಸ್ತ್ ಬಿಟ್ಟಿಲ್ಲ. ಭತ್ತದ ಗದ್ದೆಯಿಲ್ಲ, ಸುತ್ತ ಇರುವುದೆಲ್ಲ ಜೋಳ ಮತ್ತು ಸೋಯಾ. ಹೂವಿಗೇನೂ ಕೊರತೆಯಿಲ್ಲ, ಸೆಪ್ಟೆಂಬರ್ ಮೊದಲ ವಾರದಲ್ಲಿ ಅಲ್ಲಿನ ಅಂಗಳಗಳಲ್ಲಿ ಚೆಂಡುಹೂ ಇನ್ನೂ ಅರಳಿರುತ್ತದೆ.